ಮುಚ್ಚಿದರೆ ಸೋರುವ ಟೈರು

ಢಂ ಎಂದು ಒಂದೇ ಸಲಕ್ಕೆ ಒಡೆಯುವ ಟೈರಿನ ಮೇಲೆ ನನಗೆ ಗೌರವವಿದೆ. ಅದು ಹೇಳುವುದನ್ನು ನಡುರಸ್ತೆಯಲ್ಲೇ ಹೇಳಿ ಮುಗಿಸುತ್ತದೆ. ನನ್ನ ತಕರಾರಿರುವುದು ಸಾಯಂಕಾಲ ಗಟ್ಟಿಮುಟ್ಟಾಗಿ ನಿಂತಿದ್ದು, ಬೆಳಗಾಗುವುದರೊಳಗೆ ಸದ್ದಿಲ್ಲದೆ ಕುಸಿದು ಕೂರುವ ಟೈರಿನ ಬಗ್ಗೆ. ಕೆಲವು ಬೀಗರಿರುತ್ತಾರೆ, ಊಟಕ್ಕೆ ಕೂತಾಗ ನಗುನಗುತ್ತಾ ಎರಡೆರಡು ಸಲ ಬಡಿಸಿಕೊಂಡು, ಊರಿಗೆ ಹೋದಮೇಲೆ ಮುನಿಸಿಕೊಳ್ಳುತ್ತಾರೆ. ಏನಾಯಿತೆಂದು ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ನನ್ನ ಜೀಪಿನ ಹಿಂದಿನ ಎಡಗಡೆಯ ಟೈರು ನನ್ನೊಡನೆ ಹೀಗೆಯೇ ನಡೆದುಕೊಂಡಿತು.

ಈ ಜೀಪೆಂದರೆ ನನ್ನ ಹೆಂಡತಿ ಪಂಕಜಳಿಗೆ ಆಗದು. ತುರುವೇಕೆರೆಯಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಅಂಗಡಿಯ ಮುಂದೆ ಜೀಪು ನಿಂತಿದ್ದರೆ ಜನ ಗುಜರಿ ಅಂಗಡಿ ಎಂದುಕೊಂಡು ಮುಂದೆ ಹೋಗುತ್ತಾರೆ ಎಂಬುದು ಅವಳ ವಾದ. ಆದರೆ ದಬ್ಬೇಘಟ್ಟದ ಆಚೆ ನನ್ನ ಸೋದರತ್ತೆ ಗಂಗತ್ತೆಯ ತೋಟದ ಮನೆಯಿದೆ. ನಾಲೆಯ ನೀರು ಜಿನುಗಿ ಆ ದಾರಿ ವರ್ಷವಿಡೀ ಕೆಸರು. ಆಟೋದವರು ತಿರುವಿನಲ್ಲೇ ಕೈಮುಗಿದುಬಿಡುತ್ತಾರೆ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ನನ್ನ ಜೀಪು ಮಾತ್ರ ಅಲ್ಲಿಗೆ ಹೋಗುತ್ತದೆ. ಗಂಗತ್ತೆಗೆ ಮಂಡಿ ನೋವು, ನಡೆದು ಬರಲಾರರು. ಜೊತೆಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಮೊಮ್ಮಗು ಹುಟ್ಟಿತ್ತು. ಅದರ ಮುಖವನ್ನು ಬೆರಳಲ್ಲೇ ಸವರಿ, “ಮೂಗು ನಮ್ಮಪ್ಪನ ಮೂಗಿದ್ದಂಗೇ ಐತೆ” ಎನ್ನುತ್ತಿದ್ದರು. ಒಂದು ಸಲ ಅದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವರ ಆಸೆ. ತಿಪಟೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟರು. ಕರೆದುಕೊಂಡು ಹೋಗುವ ಜವಾಬ್ದಾರಿಯನ್ನು ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ.

ಆ ಬೆಳಿಗ್ಗೆ ಟೈರು ಕೂತಿತ್ತು. ಸ್ಟೆಪ್ನಿ ಹಾಕಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಜೀಪಿನ ಸ್ಟೆಪ್ನಿ ಇರುವುದು ಹಿಂಭಾಗ ಬೋಳಾಗಿ ಕಾಣಬಾರದೆಂದು. ಗಾಳಿ ತುಂಬಿಸಿಕೊಂಡು, ಏದುಸಿರು ಬಿಡುತ್ತಾ ತೋಟ ಮುಟ್ಟಿ, ಅಲ್ಲಿಂದ ತಿಪಟೂರು ಮುಟ್ಟುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. “ಹೋಗ್ಲಿ ಬುಡು ರುದ್ರ, ಇಷ್ಟ್ ದಿನ ಕಾಣ್ದೆ ಇದ್ದೋಳು ಇನ್ನೊಂದ್ ತಿಂಗ್ಳು ಕಾಣ್ದಿದ್ರೆ ಊರು ಮುಳುಗೋಗಲ್ಲ” ಎಂದರು ಗಂಗತ್ತೆ. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ವಾಪಸು ಮನೆಗೆ ಬಿಟ್ಟಾಗಲೂ, ಎಂದಿನಂತೆ ಬಾಗಿಲಲ್ಲಿ ನಿಲ್ಲಿಸಿಕೊಂಡು, ಹುರಿದ ಹೆಸರುಕಾಳನ್ನೂ ಕೊಬ್ಬರಿ ಚೂರನ್ನೂ ನನ್ನ ಜುಬ್ಬದ ಜೇಬಿಗೆ ತಾವೇ ತಡಕಾಡಿ ತುಂಬಿದರು. ಆ ಮನೆಯಿಂದ ಖಾಲಿ ಜೇಬಿನಲ್ಲಿ ಹೊರಟವರು ಯಾರೂ ಇಲ್ಲ.

ಟೈರಿನ ರೋಗ ಕಂಡುಹಿಡಿಯಲು ಊರಿಗೆ ಊರೇ ನೆರವಾಯಿತು. ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿದೆಯೋ ಒಣಗಿ ಕೊಬ್ಬರಿಯಾಗಿದೆಯೋ ಹೇಳಿಬಿಡುತ್ತೇವೆ. ಹಾಗಾಗಿ ಯಾವುದನ್ನೇ ಆಗಲಿ ಬಡಿದು, ಸದ್ದು ಕೇಳಿ ತೀರ್ಪು ಕೊಡುವ ಅಧಿಕಾರ ನಮಗಿದೆ ಎಂದು ನಂಬಿದ್ದೇವೆ. ಅಂಗಡಿಗೆ ಬಂದವರೆಲ್ಲ ಟೈರನ್ನು ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, “ಇನ್ನೂ ಹಸಿ ಐತೆ” ಎಂಬ ಮುಖ ಮಾಡಿ ಹೋದರು. ನಾನೂ ಕುಟ್ಟಿದೆ. ಪಂಚರ್ ಅಂಗಡಿಯ ಮುನೀರ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿದ. ಒಂದು ಗುಳ್ಳೆಯೂ ಇಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದ. ಅಲ್ಲೂ ಇಲ್ಲ. ಕೊನೆಗೆ ಹೊಸ ಟ್ಯೂಬನ್ನೇ ಹಾಕಿ, ವಾಲ್ವಿನ ಹಳೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, “ಇನ್ನು ಸೋರಿದ್ರೆ ನನ್ನ ಕೇಳಿ ಅಣ್ಣ” ಎಂದ. ಸೋರಿತು. ಕೇಳಿದೆ. “ಯಾರಾದ್ರೂ ಬೇಕಂತ ಗಾಳಿ ಬಿಡ್ತಾವ್ರೇನೋ ನೋಡಿ” ಎಂದ.

ಅಲ್ಲಿಂದ ನನ್ನ ಬುದ್ಧಿ ಕೆಟ್ಟಿತು. ಗಂಗತ್ತೆಗೆ ಸೂಜಿಯೆಂದರೆ ಮೊದಲಿಂದಲೂ ಭಯ. ನಾನು ಚಿಕ್ಕವನಿದ್ದಾಗ ಊರಿಗೆ ನರ್ಸಮ್ಮ ಬಂದರೆ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಿದ್ದೆವು, ಅತ್ತೆ ಮಾತ್ರ ಕೊಬ್ಬರಿ ಅಟ್ಟ ಹತ್ತಿ ಕೂರುತ್ತಿದ್ದರು. ಕಣ್ಣಿನ ಆಪರೇಷನ್ ತಪ್ಪಿಸಿಕೊಳ್ಳಲು ಅವರೇ ಏನೋ ಮಾಡುತ್ತಿದ್ದಾರೆ ಎಂದು ನನಗೆ ಖಚಿತವಾಯಿತು. ಈ ಮಾತನ್ನು ಪಂಕಜಳಿಗೆ ಹೇಳಿದೆ. “ಕಣ್ಣು ಕಾಣ್ದೋರು ತೋಟದಿಂದ ನಡ್ಕೊಂಡ್ ಬಂದು ನಮ್ಮನೆ ಮುಂದಿನ ಜೀಪಿನ ಗಾಳಿ ಬಿಡ್ತಾರೇನ್ರೀ? ಮೊದ್ಲು ನಿಮ್ಮ ತಲೆ ತೋರ್ಸಿ” ಎಂದಳು.

ಆಸ್ಪತ್ರೆಯವರು ಎರಡನೆಯ ಸಲ ಕೊಟ್ಟ ದಿನ ನಿಜಸಂಗತಿ ಗೊತ್ತಾಯಿತು. ಈ ಸಲ ಅಪಾಯ ಬೇಡವೆಂದು ಪಂಕಜಳನ್ನೂ ಕರೆದುಕೊಂಡು ಹಿಂದಿನ ದಿನವೇ ತೋಟಕ್ಕೆ ಹೋಗಿ ಉಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಟೈರು ಅರ್ಧ ಕೂತಿತ್ತು. ಪಂಪು ತುಳಿಯಲು ಮುಚ್ಚಳ ಬಿಚ್ಚಿದೆ. ಜಗಲಿಯ ಮೇಲೆ ಸೆರಗು ಹೊದ್ದು ಸಿದ್ಧವಾಗಿ ಕೂತಿದ್ದ ಗಂಗತ್ತೆ, “ಅದೇನ್ಲಾ ಬಿಚ್ತಾ ಇದ್ದೀಯ, ನನ್ನ ಕೈಗೆ ಕೊಡು, ಹಿಡ್ಕೊಂಡಿರ್ತೀನಿ. ಸುಮ್ನೆ ಕೂತ್ರೆ ಭಯ ಆಯ್ತದೆ” ಎಂದರು. ಭಯವಿದ್ದೂ ಹೊರಟು ಕೂತವರನ್ನು ಅನುಮಾನಿಸಿದೆನಲ್ಲ ಎಂದು ನನಗೆ ಒಳಗೊಳಗೇ ನಾಚಿಕೆಯಾಯಿತು. ಮುಚ್ಚಳ ಕೊಟ್ಟೆ. ಅವರು ಅದನ್ನು ಬೆರಳಲ್ಲಿ ಹೊರಳಿಸಿದರು, ಒಳಗೆ ಉಗುರು ಹಾಕಿದರು, ಮುಡಿಯಿಂದ ಪಿನ್ನು ತೆಗೆದು ಏನನ್ನೋ ಮೀಟಿ ಬಾಯಿಗೆ ಹಾಕಿಕೊಂಡರು.

“ಏನತ್ತೆ ಅದು?”

“ಹೆಸ್ರುಕಾಳು. ನಾನೇ ಹುರ್ದಿದ್ದು ಕಣ್ಲಾ, ಉಪ್ಪು ಒಸಿ ಜಾಸ್ತಿ ಆಗೋಗಿತ್ತು.”

ನಾನು ಪಂಪಿನ ಮೇಲೆ ಕಾಲಿಟ್ಟು ಹಾಗೆಯೇ ನಿಂತೆ. ಗಾಳಿ ತುಂಬಿಸುವಾಗಲೆಲ್ಲ ಮುಚ್ಚಳವನ್ನು ಜುಬ್ಬದ ಜೇಬಿಗೆ ಹಾಕಿಕೊಳ್ಳುವುದು ನನ್ನ ರೂಢಿ. ಎಂದೋ ಒಂದು ದಿನ ಅತ್ತೆ ತುಂಬಿದ ಕಾಳೊಂದು ಅದರೊಳಗೆ ಹೋಗಿ ಕಚ್ಚಿಕೊಂಡಿದೆ. ಮುಚ್ಚಳ ಬಿಗಿ ಮಾಡಿದಷ್ಟೂ ಕಾಳು ವಾಲ್ವಿನ ಮೊನೆಯನ್ನು ಒತ್ತುತ್ತದೆ, ಗಾಳಿ ಸಣ್ಣಗೆ ಸೋರುತ್ತದೆ. ಪರೀಕ್ಷೆಗೆಂದು ಮುಚ್ಚಳ ತೆಗೆದರೆ ಎಲ್ಲವೂ ಸರಿ. ಬಿಟ್ಟರೆ ಸುಮ್ಮನಿದ್ದು ಮುಚ್ಚಿದರೆ ಸೋರುವುದು ಮನೆಯ ಗುಟ್ಟು ಮಾತ್ರ ಎಂದು ನಾನು ತಿಳಿದಿದ್ದೆ.

ಒಂದು ಕಣ್ಣಿಗೆ ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದರು. ಆಸ್ಪತ್ರೆಯ ಹೊರಗೆ ಬಂದ ಗಂಗತ್ತೆ ಕಪ್ಪು ಕನ್ನಡಕದೊಳಗಿಂದ ಜೀಪನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇದ್ರಲ್ಲೇನ್ಲಾ ನನ್ನ ಕರ್ಕೊಂಡ್ ಬಂದಿದ್ದು? ಕಣ್ಣು ಕಂಡಿದ್ರೆ ಹತ್ತುತ್ಲೇ ಇರ್ಲಿಲ್ಲ ಕಣಪ್ಪ” ಎಂದರು. ಪಂಕಜ ಗೆದ್ದವಳಂತೆ ನಕ್ಕಳು. “ನಡಿ ನಡಿ, ಮಗೀನ ಮುಖ ನೋಡ್ಬೇಕು” ಎನ್ನುತ್ತಾ ಪಂಕಜಳ ಕೈ ಹಿಡಿದು ಹತ್ತಿ ಕೂತರು.

ನಾನು ಅಭ್ಯಾಸದಂತೆ ಹಿಂದಿನ ಎಡ ಟೈರನ್ನು ಕುಟ್ಟಿ ಕಿವಿಗೊಟ್ಟೆ. “ಅದನ್ಯಾಕ್ ಕುಟ್ತೀಯ? ಮುಂದುಗಡೇದು ಮೆತ್ತಗಾಗೈತೆ, ಹತ್ತೋವಾಗ ಕಂಡೆ” ಎಂದರು ಅತ್ತೆ. ಆಗ ನೆನಪಾಯಿತು. ಹಿಂದಿನ ದಿನ, ಅವರು ಒಳಗಿದ್ದಾಗ, ಹೊತ್ತು ಹೋಗದೆ ಜೀಪನ್ನು ಪೆಟ್ರೋಲ್ ಬಂಕಿಗೆ ಒಯ್ದು ಮುಂದಿನ ಟೈರುಗಳ ಗಾಳಿಯನ್ನೂ ನೋಡಿಸಿದ್ದೆ. ಜೇಬಿನಲ್ಲಿ ಕಾಳಿತ್ತು. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಬಿಚ್ಚಿ, ಒಳಗಿದ್ದುದನ್ನು ಉಗುರಿನಿಂದ ಮೀಟಿ, ಯಾರಿಗೂ ಗೊತ್ತಾಗದ ಹಾಗೆ ಬಾಯಿಗೆ ಹಾಕಿಕೊಂಡೆ.

“ಕಂಡೆ ಕಣ್ಲಾ” ಎಂದರು ಗಂಗತ್ತೆ ಮೇಲಿನಿಂದ.