ನಿರಾಪದ ಬಾಬುಗಳ ಬಲೆಬೇಲಿ

ಇನ್ನು ಮುಂದೆ ತಮ್ಮ ಹಿತ್ತಲಿನ ಕೊಳದ ಒಂದು ಮರಿಮೀನೂ ಹಾವಿನ ಹೊಟ್ಟೆ ಸೇರಕೂಡದು ಎಂದು ನಿರಾಪದ ಸಾಮಂತರು ಪುಷ್ಯ ಮಾಸದ ಚಳಿಯಲ್ಲಿ ಘೋಷಿಸಿದರು. ಹಾವಿನ ಮೇಲೆ ಅವರಿಗೇನೂ ಅಂಥ ದ್ವೇಷವಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಪಕ್ಕದ ಮನೆಯ ಅಖಿಲ ಜಾನಾನ ಮೇಲೆ.

ಕಳೆದ ದುರ್ಗಾಪೂಜೆ ಮುಗಿದ ಮರುದಿನ ಅಳಿಯ ಸುಬಿಮಲ ಊಟಕ್ಕೆ ಬಂದಿದ್ದ. ನಿರಾಪದರ ಕೊಳದ ಮೀನನ್ನೆಲ್ಲ ಹಾವುಗಳು ತಿಂದಿದ್ದರಿಂದ ಅವರ ಹೆಂಡತಿ ಶೆಫಾಲಿ ಅಖಿಲನ ಕೊಳದಿಂದ ರೋಹು ಮೀನು ತರಿಸಿ ಬಡಿಸಿದ್ದಳು. ತಲೆಯ ಭಾಗವನ್ನು ಚೀಪಿ ಮುಗಿಸಿದ ಅಳಿಯ ಕೈ ತೊಳೆದು ನೇರ ಬೇಲಿಯ ಬಳಿ ಹೋಗಿ ಅಖಿಲನಿಗೆ ನಮಸ್ಕಾರ ಮಾಡಿದ್ದ. ಮಾವನ ಕಾಲಿಗೂ ಅಷ್ಟು ಭಕ್ತಿಯಿಂದ ಬಾಗಿದವನಲ್ಲ! ಅಂದಿನಿಂದ ಶೆಫಾಲಿ, "ಅಖಿಲ ಅವರ ಮೀನು ಬೆಣ್ಣೆ ಥರ," ಎಂದಾಗಲೆಲ್ಲ ನಿರಾಪದರು ಅರ್ಧ ಊಟಕ್ಕೇ ಏಳುತ್ತಿದ್ದರು.

ನೀರುಹಾವುಗಳು ಎರಡೂ ಕೊಳಗಳಿಗೆ ಬರುತ್ತಿದ್ದವು. ಅಖಿಲ ಅದನ್ನು ಗಣನೆಗೇ ತಂದುಕೊಂಡಿರಲಿಲ್ಲ. ನಿರಾಪದರು ಮಾತ್ರ ಸೊಳ್ಳೆ ನುಸುಳದಂಥ ನೈಲಾನ್ ಬಲೆ ತಂದು, ಕೊಳದ ಸುತ್ತ ಮೊಳದಾಳ ಅಗೆದು ಹೂತು, ಎದೆಯೆತ್ತರಕ್ಕೆ ಬಿಗಿದು, ಮೇಲಂಚನ್ನು ಒಳಕ್ಕೂ ಹೊರಕ್ಕೂ ಬಾಗಿಸಿದರು. ಆಷಾಢದ ಮಳೆಗೆ ನಾನೂರು ಮರಿಮೀನು ಬಿಟ್ಟರು. ಅಖಿಲನನ್ನು ಕರೆದು ಕೋಟೆ ತೋರಿಸಿದರು. ಅವನು ಬಲೆಯನ್ನು ಜಗ್ಗಿ ನೋಡಿ, ಬಹಳ ಗಟ್ಟಿಯಾಗಿದೆ ದಾದಾ ಎಂದ. ಅಸೂಯೆ ಪಡುತ್ತಿದ್ದಾನೆಂದು ನಿರಾಪದರಿಗೆ ಖುಷಿಯಾಯಿತು. ಅಂದು ಎರಡು ತುತ್ತು ಹೆಚ್ಚಿಗೆ ಉಂಡರು.

ವಿಜಯದಶಮಿಯ ಮರುದಿನ ಬಂತು. ಅಳಿಯ ಬಂದ. ಸಾಕ್ಷಿಗಿರಲಿ ಎಂದು ಅಖಿಲನನ್ನೂ ಊಟಕ್ಕೆ ಕರೆದಿದ್ದರು. ನಿರಾಪದರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಬೀಸುಬಲೆ ಎಸೆದರು. ಎಳೆಯುವಾಗಲೇ ಭಾರ. "ನೋಡಿದ್ಯಾ ಸುಬಿಮಲ!" ಎಂದು ದಡಕ್ಕೆ ಸುರಿದರು.

ಒಂದು ಬೆರಳುದ್ದದ ಮೀನು. ಒಂಬತ್ತು ಹಾವು. ಒಂದೊಂದೂ ಬಂಗಾಳದ ಜಮೀನ್ದಾರನಷ್ಟು ದುಂಡಗೆ!

ಶೆಫಾಲಿ ಕಿರುಚಿ ಮೆಟ್ಟಿಲೇರಿದಳು. ಅಖಿಲ ಕುಕ್ಕರಗಾಲಲ್ಲಿ ಕುಳಿತು ಸಮಾಧಾನದಿಂದ ವಿವರಿಸಿದ. ಚಳಿಗಾಲದಲ್ಲಿ ಹಾವುಗಳು ಕೊಳದ ದಡದ ಬಿಲಗಳಲ್ಲೇ ಮಲಗಿರುತ್ತವೆ. ದಾದಾ ಬೇಲಿ ಕಟ್ಟಿದ್ದು ಅವು ನಿದ್ದೆಯಲ್ಲಿದ್ದಾಗ. ಎದ್ದ ಮೇಲೆ ಹೊರಗೆ ದಾರಿಯಿಲ್ಲ, ಒಳಗೆ ನಾನೂರು ಮರಿ.

"ಕಳ್ಳರನ್ನ ಒಳಗಿಟ್ಟು ಬೀಗ ಹಾಕಿದ್ರಿ ಅನ್ನಿ," ಎಂದಳು ಶೆಫಾಲಿ ಮೇಲಿನಿಂದ.

ಅಖಿಲ ಮನೆಗೆ ಹೋಗಿ ತೊಡೆಗಾತ್ರದ ರೋಹು ಹೊತ್ತು ತಂದ. ಉಪಕಾರ ಬೇಡವೆಂದು ನಿರಾಪದರು ಮುಖ ತಿರುಗಿಸಿದಾಗ ಅವನು ಮೆಲ್ಲಗೆ ಹೇಳಿದ: "ಉಪಕಾರ ಅಲ್ಲ ದಾದಾ, ಇದು ನಿಮ್ಮ ಪಾಲು. ಈ ವರ್ಷ ನನ್ನ ಕೊಳಕ್ಕೆ ಒಂದು ಹಾವೂ ಬರ್ಲಿಲ್ಲ. ಎಲ್ಲಾ ನಿಮ್ಮಲ್ಲೇ ಇದ್ವು."

ಸಾಸಿವೆ ಹಾಕಿದ ಮೀನುಸಾರಿನ ಘಾಟು ಮನೆಯೆಲ್ಲ ಹರಡಿತು. ನಿರಾಪದರು ತಲೆ ಎತ್ತದೆ ಉಂಡರು. ಹಾಳಾದ್ದು, ಮೀನು ನಿಜಕ್ಕೂ ಬೆಣ್ಣೆಯಂತಿತ್ತು. ಅಳಿಯ ತಲೆಯ ಭಾಗವನ್ನು ಚೀಪಿ ಮುಗಿಸಿದ. ಕೈ ತೊಳೆದು ಬಂದು ವಿನಯದಿಂದ ಕೇಳಿದ:

"ಮಾವ, ನಮ್ಮೂರಲ್ಲೂ ನಮ್ಮ ಕೊಳದ ಪಕ್ಕ ಇನ್ನೊಬ್ರ ಕೊಳ ಇದೆ. ಒಂದ್ಸಲ ಬಂದು ಅವ್ರಿಗೆ ಈ ಬೇಲಿ ಕಟ್ಟೋದು ಹೇಳ್ಕೊಡ್ತೀರಾ?"