ಗಾರೆಯಾಗುವ ತನಕ ನೀರು

...ಅಥವಾ ತೊಲೆಯ ಆ ಬಿರುಕನ್ನು ಮೊದಲು ಕಂಡವನು ನಾನಲ್ಲವೇನೋ. ಇಷ್ಟು ದಿನ ನಾನೇ ಕಂಡೆ ಎಂದು ಹೇಳಿಕೊಂಡು ಬಂದಿದ್ದೇನೆ, ಹೇಳಿದ ಪ್ರತಿ ಸಲವೂ ಅದು ಗೇಣುಗೇಣು ಬೆಳೆದಿದೆ. ಮೊದಲು ಹೇಳಿದಾಗ ಕೂದಲೆಳೆಯಷ್ಟಿತ್ತು. ಈಚೆಗೆ ಮಳವಳ್ಳಿಯ ಭಾವಮೈದುನನಿಗೆ ಹೇಳುವಾಗ ಅದರೊಳಗೆ ಗುಬ್ಬಚ್ಚಿ ಗೂಡು ಕಟ್ಟಿತ್ತು. ಆದ್ದರಿಂದ ಇಲ್ಲಿಯ ಅಳತೆಗಳನ್ನೆಲ್ಲ ನೀವು ಅರ್ಧಕ್ಕಿಳಿಸಿ ಓದಬೇಕು. ಇಳಿಸಬಾರದ್ದು ಒಂದೇ, ನನ್ನ ಹೆದರಿಕೆ. ಅದನ್ನು ನಾನು ಹಿಗ್ಗಿಸಿಲ್ಲ, ಹಿಗ್ಗಿಸಲು ಜಾಗವೇ ಇರಲಿಲ್ಲ.

ಎಪ್ಪತ್ತರ ದಶಕದ ನಡುವೆ ನಾನು ಮದ್ದೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಹೆಂಚಿನ ಹಳೇ ಕಟ್ಟಡದಿಂದ ನಮ್ಮನ್ನೆಲ್ಲ ಹೊಸ ಕಾಂಕ್ರೀಟು ಕಟ್ಟಡಕ್ಕೆ ಸಾಗಿಸಿದ್ದರು. ಅದಕ್ಕೆ ಗಾರೆ ಇಲ್ಲ, ಸುಣ್ಣ ಇಲ್ಲ, ಬಣ್ಣ ಇಲ್ಲ. ಎರಕ ಹೊಯ್ದಾಗ ಕಟ್ಟಿದ್ದ ಹಲಗೆಗಳ ಗೆರೆ, ಮರದ ಗಂಟು, ಮೊಳೆಯ ಗುರುತು ಎಲ್ಲ ಗೋಡೆಯ ಮೇಲೆ ಹಾಗೇ ಉಳಿದಿದ್ದವು. ನಕ್ಷೆ ಬರೆದ ಆರ್ಕಿಟೆಕ್ಟು ಬೆಂಗಳೂರಿನವರು. ಉದ್ಘಾಟನೆಯ ದಿನ ಬಂದು, "ಕಾಂಕ್ರೀಟು ಕಾಂಕ್ರೀಟಾಗಿಯೇ ಕಾಣಬೇಕು. ಮೇಲೆ ಬಳಿದು ಮುಚ್ಚುವುದು ಸುಳ್ಳು ಹೇಳಿದ ಹಾಗೆ" ಎಂದರು. ಕಚೇರಿಯೊಂದರ ಒಳಗೆ ನಿಂತು ಸುಳ್ಳಿನ ವಿರುದ್ಧ ಅಷ್ಟು ಧೈರ್ಯವಾಗಿ ಮಾತಾಡಿದವರನ್ನು ನಾನು ಆಮೇಲೆ ಕಂಡಿಲ್ಲ.

ಆದರೆ ಕೆಲಸಕ್ಕೆಂದು ಬರುವ ರೈತರಿಗೆ ಈ ಸತ್ಯ ಒಗ್ಗಲಿಲ್ಲ. ಹಿರಿಯ ಗೌಡರೊಬ್ಬರು ಗೋಡೆ ತಡವಿ ಮರುಗಿದರು. "ಏನ್ ಸಾಮಿ, ಕಾಸ್ ಸಾಲ್ದೆ ಓಯ್ತಾ? ನಮ್ ದನಿನ್ ಕೊಟ್ಗೆಗೇ ಗಾರೆ ಮಾಡ್ಸಿವ್ನಿ ಕಣ್ರಪ್ಪಾ!"

ನನ್ನ ಕುರ್ಚಿಯ ನೇರ ಮೇಲೆ, ಆನೆ ಅಡ್ಡಮಲಗಿದ ಹಾಗೆ ಒಂದು ತೊಲೆ ಇತ್ತು. ಮೊದಲ ದಿನದಿಂದಲೇ ನಾನು ಅದರ ಕೆಳಗೆ ತಲೆ ತಗ್ಗಿಸಿ ಕೂರುತ್ತಿದ್ದೆ. ವಿನಯವೆಂದು ತಿಳಿದು ಸಾಹೇಬರು ಮೆಚ್ಚಿಕೊಂಡಿದ್ದರು.

ಈಗ ನಿಂಗಯ್ಯನ ವಿಷಯ. ಕಾಂಕ್ರೀಟು ಹಸಿಯಿರುವಾಗ ದಿನಾ ನೀರು ಕುಡಿಸಬೇಕು, ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ. ಆ ಕೆಲಸಕ್ಕೆ ನಿಂಗಯ್ಯನನ್ನು ಹಚ್ಚಿದ್ದ ಕಂಟ್ರಾಕ್ಟರು, "ಗಾರೆ ಆಗೋ ತನಕ ಬಿಡದೆ ನೀರು ಹುಯ್ಯಿ" ಎಂದು ಹೇಳಿದ್ದನಂತೆ. ಈ ಕಟ್ಟಡಕ್ಕೆ ಗಾರೆ ಎಂಬುದೇ ಇಲ್ಲವೆಂದು ನಿಂಗಯ್ಯನಿಗೆ ಯಾರೂ ಹೇಳಲಿಲ್ಲ. ಕಂಟ್ರಾಕ್ಟರು ಹೋದ, ಆರ್ಕಿಟೆಕ್ಟರು ಹೋದರು, ನಿಂಗಯ್ಯ ಉಳಿದ. ಅವನ ಹೆಸರು ಹೇಗೋ ನಮ್ಮ ದಿನಗೂಲಿ ಪಟ್ಟಿಗೆ ಸೇರಿಕೊಂಡಿತ್ತು. ಮೂರು ವರ್ಷವೋ ನಾಲ್ಕೋ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ರಬ್ಬರ್ ಪೈಪು ಹಿಡಿದು ತಾರಸಿಗೂ ಗೋಡೆಗೂ ನೀರು ಹೊಯ್ದ.

"ಇನ್ನೂ ಎಷ್ಟು ದಿನ ನಿಂಗಯ್ಯ?" ಎಂದು ಒಮ್ಮೆ ಕೇಳಿದ್ದೆ.

"ಗಾರೆ ಆಗೋ ಗಂಟ ಸಾಮಿ. ನೋಡಿ, ಎಣ್ಣೆನೀರು ಕಾಣ್ದಿರೋ ಕೂಸಿದ್ದಂಗದೆ. ಮೈಮ್ಯಾಲ್ ಬಟ್ಟೆ ಇಲ್ದಿರೋದ್ಕೆ ನೀರಾರೂ ಉಯ್ಬ್ಯಾಡ್ವಾ? ಅಲ್ದೆ ಇದು ನಿಂತ್ರೆ ಮನೇಲಿ ನಾಕ್ ಜನ ಉಣ್ಣೋದೇನು?"

ಅವನಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಬಡವನ ಅನ್ನ ಕೀಳಬಾರದೆಂದು ಸುಮ್ಮನಿದ್ದೆ ಎಂದು ಬಹಳ ಕಾಲ ನಂಬಿದ್ದೆ. ನಿಜವೇನೆಂದರೆ, ಮದ್ದೂರಿನ ಬೇಸಗೆಯಲ್ಲಿ ಊರೆಲ್ಲ ಬೇಯುವಾಗ ನನ್ನ ಕೋಣೆ ಮಾತ್ರ ಶಿಂಷಾ ದಡದ ಮರದ ನೆರಳಿನಂತೆ ತಣ್ಣಗಿರುತ್ತಿತ್ತು.

ಆ ತಂಪಿನೊಳಗಿಂದಲೇ ಬಿರುಕು ಬಂತು. ತೊಲೆಯ ಹೊಟ್ಟೆಯಲ್ಲಿ ಸಣ್ಣ ಗೆರೆ, ಅದರ ಅಂಚಿಗೆ ತುಕ್ಕಿನ ಕಂದು ಬಣ್ಣ. ನಾನು ಕುರ್ಚಿಯನ್ನು ಬಲಕ್ಕೆ ಸರಿಸಿದೆ. ಮರುದಿನ ಗೆರೆಯೂ ಬಲಕ್ಕೆ ಬಂದಂತೆ ಕಂಡಿತು. ಯಾವಾಗಲೂ ಛತ್ರಿ ಪಕ್ಕದಲ್ಲಿಟ್ಟುಕೊಳ್ಳತೊಡಗಿದೆ. "ತೊಲೆ ಬಿದ್ದರೆ ಛತ್ರಿ ತಡೆಯುತ್ತೇನ್ರೀ?" ಎಂದು ಹೆಂಡತಿ ಕೇಳಿದಳು. ತಡೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಬರಿಗೈಯಲ್ಲಿ ಸಾಯುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಮಂಡ್ಯದಿಂದ ಎಂಜಿನಿಯರು ಬಂದರು. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದರು. "ತೊಲೆ ಅಲುಗಿದರೆ ಈ ಗಾಜು ಒಡೆಯುತ್ತೆ. ಹದಿನೈದು ದಿನ ನೋಡೋಣ. ಒಡೆಯದಿದ್ದರೆ ಬಿರುಕು ತುಂಬಿ ಸುಮ್ಮನಾಗೋದು. ಒಡೆದರೆ ಕೆಳಗೊಂದು ಕಂಬ ಕೊಟ್ಟು, ಇಡೀ ಕಟ್ಟಡಕ್ಕೆ ಗಾರೆ, ಬಣ್ಣ" ಎಂದರು. ಆಮೇಲೆ ತೊಲೆಗೆ ಅಂಗೈಯಿಟ್ಟು, "ಇಷ್ಟು ತೇವ ಎಲ್ಲಿಂದ?" ಎಂದು ಕೇಳಿದರು.

ನಿಂಗಯ್ಯ ಕೆಳಗೆ ಮುದ್ದೆ ಉಣ್ಣುತ್ತಿದ್ದ. ನಾನು ಕೆಮ್ಮಿ, "ಮಳೆ ಇರಬೇಕು ಸಾರ್" ಎಂದೆ. ಆಗ ಶಿವರಾತ್ರಿ ಕಳೆದು ಒಂದು ವಾರವಾಗಿತ್ತು.

ಅಂದಿನಿಂದ ನನ್ನ ಹೆದರಿಕೆ ಎರಡಾಯಿತು. ತೊಲೆ ಬೀಳುವ ಹೆದರಿಕೆಯ ಜೊತೆಗೆ ಸುಳ್ಳು ಹೊರಬೀಳುವ ಹೆದರಿಕೆ. ಮೆತ್ತಗೆ ನಿಂಗಯ್ಯನಿಗೆ, "ಸ್ವಲ್ಪ ದಿನ ನೀರು ನಿಲ್ಲಿಸಪ್ಪ" ಎಂದೆ.

"ಯಾಕ್ ಸಾಮಿ, ಗಾರೆಯೋರು ಬಂದ್ರಾ?"

"ಇಲ್ಲ, ಬಿರುಕು ಬಿಟ್ಟಿದೆ."

"ಅಯ್, ಅದ್ಕೇ ಮತ್ತೆ! ಒಣಗಿದ್ಕೇ ಬಿರುಕ್ ಬುಟ್ಟದೆ. ಗದ್ದೆ ಬಿರುಕ್ ಬುಟ್ರೆ ನೀರ್ ನಿಲ್ಲುಸ್ತಾರಾ? ಬುಡಿ, ನಿಮ್ಗದೆಲ್ಲ ಗೊತ್ತಾಗಕಿಲ್ಲ."

ಅಂದಿನಿಂದ ಮಧ್ಯಾಹ್ನವೂ ನೀರು ಬಿಡತೊಡಗಿದ, ನನ್ನ ಮೇಲಿನ ಕನಿಕರದಿಂದ.

ನಾನು ದಿನಾ ಬೆಳಿಗ್ಗೆ ಬಂದವನೇ ಮೇಜು ಹತ್ತಿ, ಛತ್ರಿಯ ತುದಿಯಿಂದ ಗಾಜನ್ನು ಮುಟ್ಟಿ ನೋಡುತ್ತಿದ್ದೆ. ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಹನ್ನೊಂದನೆಯ ದಿನವೋ ಹನ್ನೆರಡನೆಯದೋ, ಮೇಲೆ ತಾರಸಿಯಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು, ಛತ್ರಿ ಎತ್ತಿದೆ, ಟಕ್ಕೆಂದಿತು. ಗಾಜು ಎರಡು ತುಂಡು. ಆ ಟಕ್ಕು ಛತ್ರಿ ಮುಟ್ಟುವ ಮುಂಚೆ ಕೇಳಿತೋ ಆಮೇಲೆ ಕೇಳಿತೋ, ಎಷ್ಟು ಸಲ ನೆನೆದರೂ ಬೇರೆ ಬೇರೆ ಉತ್ತರ ಬರುತ್ತದೆ. ಎಂಜಿನಿಯರು ಕೇಳಿದಾಗ, "ಬಂದು ನೋಡುವಷ್ಟರಲ್ಲಿ ಒಡೆದಿತ್ತು ಸಾರ್" ಎಂದೆ. "ಅಲುಗಾಟವಿದೆ" ಎಂದು ಅವರು ಬರೆದುಕೊಂಡರು.

ಕಂಬ ಬಂತು, ಗಾರೆ ಬಂತು, ತಿಳಿ ಹಸಿರು ಬಣ್ಣ ಬಂತು. ಹಲಗೆಯ ಗೆರೆ, ಮರದ ಗಂಟು ಎಲ್ಲ ಮುಚ್ಚಿಹೋದವು. ಗೌಡರು ನೋಡಿ, "ಈಗ್ ಕಟ್ಟಡ ಆಯ್ತು ಕಣಪ್ಪ" ಎಂದರು. ಆರ್ಕಿಟೆಕ್ಟರು ಒಮ್ಮೆ ಬಂದು, ರಸ್ತೆಯಾಚೆ ನಿಂತು ನೋಡಿ, ಒಳಗೆ ಬಾರದೆ ಬೆಂಗಳೂರು ಬಸ್ಸು ಹತ್ತಿದರಂತೆ. ಇದನ್ನು ನಾನು ಕಂಡಿಲ್ಲ, ಹೇಳಿದವರೂ ಕಂಡಿಲ್ಲ.

ನಿಂಗಯ್ಯ ಗಾರೆಗೂ ಒಂದು ವಾರ ನೀರುಣಿಸಿ ಪೈಪು ಸುತ್ತಿದ. ಪಟ್ಟಿಯಿಂದ ಹೆಸರು ಹೋಗಿತ್ತು. "ಮುಗೀತಲ್ಲ ಸಾಮಿ ಕಟ್ಟಡ!" ಎಂದು ನಗುತ್ತಲೇ ಬಂದ, ಬಾಗಿಲ ಬಳಿ ನಗು ನಿಂತಿತು. "ಭಾರತೀನಗರದಲ್ಲಿ ಇನ್ನೊಂದು ಎಬ್ಬುಸ್ತಾವ್ರಂತೆ. ಅಲ್ಲೋಗಿ ಕೇಳ್ತೀನಿ. ಅದೂ ಇಂಗೇ ಬೆತ್ಲೆ ಇರ್ಲಿ ಅಂತ ಬೇಡ್ಕಳಿ." ಅವನಿಗೆ ಅಲ್ಲಿ ಕೆಲಸ ಸಿಕ್ಕಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ನನ್ನ ಕೋಣೆ ಈಗ ಊರಿನಷ್ಟೇ ಬೇಯುತ್ತದೆ. ಕುರ್ಚಿ ಮೊದಲಿದ್ದ ಜಾಗಕ್ಕೇ ಬಂದಿದೆ, ಛತ್ರಿಯೂ ಪಕ್ಕದಲ್ಲೇ ಇದೆ. ತಲೆಯೆತ್ತಿದರೆ ತಿಳಿ ಹಸಿರು ಮಾತ್ರ ಕಾಣುತ್ತದೆ. ಅದರ ಹಿಂದೆ ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಗೊತ್ತಿಲ್ಲ. ಗಾಜನ್ನು ಒಡೆದದ್ದು ತೊಲೆಯೋ ನಾನೋ, ಅದೂ ಗೊತ್ತಿಲ್ಲ.