ಗದ್ದ ಅಳೆಯುವ ಭಾವ

ನಮ್ಮ ಭಾವನವರಿಗೆ ಮನುಷ್ಯರ ಪೂರ್ತಿ ಮುಖ ನೋಡಿ ಅಭ್ಯಾಸವಿಲ್ಲ. ಮೂಗು ನೋಡುತ್ತಾರೆ, ತುಟಿ ನೋಡುತ್ತಾರೆ, ಕಿವಿಯ ಹಿಂದೆ ಇಣುಕುತ್ತಾರೆ. ಇವೆಲ್ಲ ಸೇರಿದರೆ ಒಬ್ಬ ನೆಂಟ ಆಗುತ್ತಾನೆ, ಅವನನ್ನು ಮಾತಾಡಿಸಬೇಕು ಎಂಬುದನ್ನು ನಮ್ಮಕ್ಕನೇ ಪಕ್ಕದಲ್ಲಿ ನಿಂತು ನೆನಪಿಸಬೇಕು. ಭಾವ ಚಾಮರಾಜನಗರದಲ್ಲಿ ಪ್ಲಾಸ್ಟಿಕ್ ಸರ್ಜನ್. ಈ ಕೆಲಸದಲ್ಲಿ ಪ್ಲಾಸ್ಟಿಕ್ ಎಲ್ಲೂ ಬರುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಯಾರು ಕೇಳುತ್ತಾರೆ? ಗುಂಡ್ಲುಪೇಟೆಯ ನಮ್ಮ ಚಿಕ್ಕಮ್ಮ ಈಗಲೂ ಒಡೆದ ಪ್ಲಾಸ್ಟಿಕ್ ಬಿಂದಿಗೆಗಳನ್ನು ಅಳಿಯಂದಿರಿಗೆ ಬೇಕಾದೀತು ಎಂದು ಎತ್ತಿಡುತ್ತಾರೆ.

ಭಾವನ ಬಲಗೈ ಎಂದರೆ ಅವರ ಫೋನು. ಸುಟ್ಟ ಗಾಯ ಮೈಯ ಎಷ್ಟು ಭಾಗ ಎಂದು ಹೇಳಲು ಅದರಲ್ಲೊಂದು ಆಪ್, ಹಳೇ ಗಾಯ ಹೊಸ ಗಾಯ ಪಕ್ಕಪಕ್ಕ ಇಟ್ಟು ನೋಡಲು ಒಂದು, ಕೋನ ಅಳೆಯಲು ಇನ್ನೊಂದು. ಈ ಕೊನೆಯದು ಬಡಗಿಗಳಿಗೆಂದು ಮಾಡಿದ್ದು, ಬಾಗಿಲ ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು. ಭಾವ ಅದನ್ನು ಜನರ ಗದ್ದಕ್ಕೆ ಹಿಡಿಯುತ್ತಾರೆ! ನನ್ನ ಮದುವೆಯಲ್ಲಿ ತಾಳಿ ಕಟ್ಟಲು ಬಗ್ಗಿದಾಗ ಪಕ್ಕಕ್ಕೆ ಬಂದು ಫೋನ್ ಎತ್ತಿದರು. ಫೋಟೋ ಇರಬೇಕೆಂದು ನಾನು ನಕ್ಕೆ. ನಿನ್ನ ಕುತ್ತಿಗೆ ಎಡಕ್ಕೆ ಮೂರು ಡಿಗ್ರಿ ವಾಲಿದೆ ಎಂದರು. ಅಂದಿನಿಂದ ವಾಲಿಯೇ ಇದೆ. ಹೆಂಡತಿ ಎಡಗಡೆಗೇ ನಿಲ್ಲುತ್ತಾಳೆ.

ಫೋಟೋ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟು. ಚರ್ಮವಿಲ್ಲದ ಫೋಟೋ ಆ ಫೋನಿನಲ್ಲಿ ಸಂಜೆಯವರೆಗೂ ಉಳಿಯುವುದಿಲ್ಲ. ಹೂವು, ದೇವರು, ಶುಭೋದಯ ಎಲ್ಲ ಡಿಲೀಟ್. ಬಂಡೀಪುರದ ದಾರಿಯಲ್ಲಿ ನಾನು ಕಷ್ಟಪಟ್ಟು ತೆಗೆದು ಕಳಿಸಿದ ಆನೆಯೂ ಹೋಯಿತು. ಆ ಚರ್ಮ ಅವರ ವ್ಯಾಪ್ತಿಗೆ ಬರುವುದಿಲ್ಲವಂತೆ. ಅಕ್ಕನದು ಒಂದೇ ಒಂದು ಫೋಟೋ ಇದೆ, ಒಬ್ಬಟ್ಟು ಬೇಯಿಸುವಾಗ ಸುಟ್ಟುಕೊಂಡ ಹೆಬ್ಬೆರಳಿನದು.

ಹೀಗಿರುವಾಗ ತೆರಕಣಾಂಬಿಯಿಂದ ಮಾದಮ್ಮ ಬಂದರು. ಅರಿಶಿನ ಬೇಯಿಸುವ ಕೂಲಿಗೆ ಹೋಗಿದ್ದಾಗ ಕೊಪ್ಪರಿಗೆಯ ಕೆಳಗಿನ ಬೆಂಕಿ ಸೆರಗಿಗೆ ಹತ್ತಿತ್ತು. ಗಾಯ ಮಾಯುತ್ತ ಚರ್ಮ ಮುದುರಿ ಗದ್ದ ಎದೆಗೆ ಅಂಟಿಕೊಂಡಿತ್ತು. ಎರಡು ವರ್ಷದಿಂದ ನೆಲ ಬಿಟ್ಟು ಬೇರೇನೂ ನೋಡಿರಲಿಲ್ಲ. ಭಾವ ಆರು ಗಂಟೆ ನಿಂತು ಅದನ್ನು ಬಿಡಿಸಿ, ತೊಡೆಯ ಚರ್ಮ ತೆಗೆದು ಹಾಕಿದರು. ಹಾಕಿದ ಚರ್ಮವೂ ಮುದುರಲು ಕಾದಿರುತ್ತದೆ. ದಿನಾ ತಲೆ ಎತ್ತುವ ವ್ಯಾಯಾಮ ಬಿಟ್ಟರೆ ಗದ್ದ ಮತ್ತೆ ಎದೆಗೆ ಬಂದು ಕೂರುತ್ತದೆ. ಅದಕ್ಕೇ ವಾರಕ್ಕೊಂದು ಸಲ ತಲೆ ಎತ್ತಿ, ಪಕ್ಕದಿಂದ ಕುತ್ತಿಗೆಯ ಫೋಟೋ ತೆಗೆಸಿ ವಾಟ್ಸಾಪ್ ಮಾಡಬೇಕೆಂದು ಭಾವ ತಾಕೀತು ಮಾಡಿದರು.

ಫೋಟೋ ಎಂದ ಮೇಲೆ ಸುಮ್ಮನೆ ಆಗುತ್ತದೆಯೇ? ಮಾದಮ್ಮ ರೇಷ್ಮೆ ಸೀರೆ ಉಟ್ಟು ಸ್ಟುಡಿಯೋಗೆ ಹೋದರು. ಹಿಂದೆ ಹಿಮದ ಬೆಟ್ಟ, ಮುಂದೆ ಮಾದಮ್ಮ, ಕುತ್ತಿಗೆಯ ಸುತ್ತ ಸೆರಗು. ಭಾವ ಬೈದರು. ಮುಂದಿನ ಫೋಟೋದಲ್ಲಿ ಸೆರಗಿರಲಿಲ್ಲ, ಕಲೆಯೂ ಇರಲಿಲ್ಲ! ಭಾವ ಹಿಗ್ಗಿ ಐದು ನಿಮಿಷ ಮನೆಯೆಲ್ಲ ಓಡಾಡಿದರು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, ಕರಿಮಣಿ ಸರವೂ ಅರ್ಧಕ್ಕೇ ನಿಂತಿದೆಯಲ್ಲ ಎಂದಳು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕಲೆ ಒರೆಸುವಾಗ ಸರವನ್ನೂ ಒರೆಸಿದ್ದ.

“ನಾನು ಆರು ಗಂಟೆ ನಿಂತ್ಕಂಡು ಮಾಡಕ್ಕಾಗ್ದೇ ಇದ್ದದ್ನ ಅವ್ನು ಕೂತ್ಕಂಡು ಮಾಡ್ಬುಟ್ಟ ಕಣಯ್ಯ” ಎಂದರು ಭಾವ ನನಗೆ. ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಆ ಭಾನುವಾರ ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ತೆರಕಣಾಂಬಿಗೆ ಹೊರಟರು. ಮಾದಮ್ಮ ಜಗಲಿಯ ಮೇಲೆ ಸೆರಗು ಸುತ್ತಿಕೊಂಡು ಕೂತಿದ್ದರು, ಗದ್ದ ಇಳಿಸಿಕೊಂಡೇ. ಭಾವ ಬಡಗಿಯ ಆಪ್ ಹಿಡಿದರು. ಆಸ್ಪತ್ರೆಯಿಂದ ಕಳಿಸುವಾಗ ಎದ್ದಿದ್ದರಲ್ಲಿ ಅರ್ಧದಷ್ಟೂ ಗದ್ದ ಏಳುತ್ತಿರಲಿಲ್ಲ. ವ್ಯಾಯಾಮ ಯಾಕೆ ಬಿಟ್ಟೆ ಎಂದು ಕೇಳಿದರು.

“ತಲ ಎತ್ತಿದ್ರ ಕಲ ಕಾಣ್ತದ ಸಾ. ಬಗ್ಸಿದ್ರ ಯಾರ್ಗೂ ಕಾಣಲ್ಲ” ಎಂದರು ಮಾದಮ್ಮ.

ಇದಕ್ಕೆ ಭಾವನ ಫೋನಿನಲ್ಲಿ ಆಪ್ ಇರಲಿಲ್ಲ. ಅವರು ಫೋನನ್ನು ಜೇಬಿಗಿಟ್ಟು ಜಗಲಿಯ ಮೇಲೆಯೇ ಕೂತರು.

“ಕಲೆ ನಂದು ಕಣಮ್ಮ. ಹೊಲಿಗೆ ಹಾಕಿದ್ದು ನಾನು. ನಾಚ್ಕಬೇಕಾದ್ರೆ ನಾನ್ ನಾಚ್ಕತೀನಿ, ನೀನ್ ತಲೆ ಎತ್ತು.” ಆಮೇಲೆ ಇನ್ನೊಂದು ಮಾತು ಹೇಳಿದರು, ಕುತ್ತಿಗೆಯ ಫೋಟೋ ಬೇಡ, ತಲೆ ಎತ್ತಿದಾಗ ಎದುರಿಗೆ ಏನು ಕಾಣುತ್ತದೋ ಅದನ್ನು ತೆಗೆದು ಕಳಿಸು ಎಂದು.

ಮೊದಲ ವಾರ ಹೊಸ್ತಿಲು ಬಂತು. ಆಮೇಲೆ ಬಾಗಿಲ ಚಿಲಕ. ಒಂದು ತಿಂಗಳು ಚಿಲಕವೇ ಬಂದು ಭಾವನಿಗೆ ಊಟ ಸೇರಲಿಲ್ಲ. ಆಮೇಲೆ ಒಣಗಿದ ತೋರಣ ಬಂತು, ಸೂರಿನ ಹೆಂಚು ಬಂತು, ತೆಂಗಿನ ಮರದ ಅರ್ಧ ಬಂತು. ಭಾವ ಪ್ರತಿಯೊಂದನ್ನೂ ನೋಡಿ, ಬರೆದಿಟ್ಟುಕೊಂಡು, ನಿಯಮದಂತೆ ಸಂಜೆಗೆ ಡಿಲೀಟ್ ಮಾಡಿದರು.

ಮೊನ್ನೆ ಅಕ್ಕನ ಮನೆಯಲ್ಲಿ ಟೈಮ್ ನೋಡಲೆಂದು ಅವರ ಫೋನ್ ಎತ್ತಿಕೊಂಡೆ. ಪರದೆಯ ತುಂಬ ಆಕಾಶ, ಮೂಲೆಯಲ್ಲಿ ನಾಲ್ಕು ತೆಂಗಿನ ಗರಿ. ಹುಡುಕಿದರೂ ಚರ್ಮವಿಲ್ಲ. ಯಾವತ್ತಿನದು ಎಂದು ಕೇಳಿದೆ. ಮಾದಮ್ಮ ಹೋದ ತಿಂಗಳು ಕಳಿಸಿದ್ದು ಎಂದರು. ಈ ಮನುಷ್ಯನನ್ನು ಇಷ್ಟು ವರ್ಷ ಬರೀ ತಮಾಷೆ ಮಾಡಿಕೊಂಡೇ ಬಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು, ಎಷ್ಟು ಡಿಗ್ರಿ ಭಾವ ಎಂದೆ.

ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

“ಅಳ್ದಿಲ್ಲ ಕಣಯ್ಯ” ಎಂದರು.